ಪಕ್ಕದ ಖಾಲಿ ಸೈಟಿನ ಮಾಲೀಕರ ವಿಳಾಸ ಸಿಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಪಕ್ಕ ಒಂದು 30x40 ಅಡಿ ಸೈಟು ವರ್ಷಗಳಿಂದ ಖಾಲಿ ಬಿದ್ದಿದೆ. ಆಳೆತ್ತರ ಪಾರ್ಥೇನಿಯಂ ಬೆಳೆದಿದೆ. ಒಳಗೆ ಎಳನೀರು ಬುರುಡೆ, ಹಳೇ ಟೈರು. ಮಳೆ ಬಂದರೆ ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕಲ್ವಾ? ಹೋದ ತಿಂಗಳು ನನ್ನ ಮಗಳಿಗೆ ಡೆಂಗಿ ಆಗಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಆ ಭಯ ಇನ್ನೂ ಹೋಗಿಲ್ಲ.

ಎರಡು ಸಲ ನಾವೇ ದುಡ್ಡು ಹಾಕಿ ಕಳೆ ತೆಗೆಸಿದೆವು. ಮತ್ತೆ ಬೆಳೆಯಿತು. ಪಾಲಿಕೆಗೆ ಲಿಖಿತ ದೂರು ಕೊಟ್ಟೆ. ಆರೋಗ್ಯ ವಿಭಾಗದವರು "ಮಾಲೀಕರ ವಿಳಾಸ ತನ್ನಿ, ನೋಟಿಸ್ ಕೊಡುತ್ತೇವೆ" ಅಂದರು. ಕಂದಾಯ ವಿಭಾಗದಲ್ಲಿ ಕೇಳಿದರೆ "ಬೇರೆಯವರಿಗೆ ವಿಳಾಸ ಕೊಡಲ್ಲ" ಅಂತಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಸೈಟಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದೆ. ಹೆಸರು ಸಿಕ್ಕಿತು, ಆದರೆ ಅವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನಗರದ ಖಾಲಿ ಜಾಗದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ 2,000 ರೂಪಾಯಿ ದಂಡ ಅಂತ ನಿಯಮ ತಂದಿದೆ. ನಿಯಮ ಇದೆ, ಆದರೆ ವಿಳಾಸ ಇಲ್ಲದೆ ಅದು ಮುಂದೆ ಹೋಗುತ್ತಿಲ್ಲ. ನನ್ನ ಗೊಂದಲ ಇರೋದು ಇಲ್ಲೇ.

ಮಾಲೀಕರು ಸಿಗದಿದ್ದಾಗ ಸೈಟಿನಲ್ಲೇ ನೋಟಿಸ್ ಅಂಟಿಸಿ, ಪಾಲಿಕೆಯೇ ಸ್ವಚ್ಛ ಮಾಡಿಸಿ, ಆ ಖರ್ಚನ್ನು ಆಸ್ತಿ ತೆರಿಗೆಗೆ ಸೇರಿಸಬಹುದಾ? ನಿಮ್ಮ ಊರಲ್ಲಿ ಯಾರಾದರೂ ಹೀಗೆ ಮಾಡಿಸಿದ್ದೀರಾ? ಅರ್ಜಿಯನ್ನು ಯಾವ ಅಧಿಕಾರಿಗೆ, ಹೇಗೆ ಬರೆದಿರಿ ಅಂತ ದಯವಿಟ್ಟು ತಿಳಿಸಿ.