ಮೆಣಸಿನ ಬಳ್ಳಿ ಬೇರೂರಿಸಲು ಪರ್ಲೈಟೋ, ವರ್ಮಿಕ್ಯುಲೈಟೋ, ಮರಳೋ?

ಪ್ರಶ್ನೆ (ಸಕಲೇಶಪುರ)

ಮಾನ್ಯರೇ, ಕಳೆದ ಮಾರ್ಚ್‌ನಲ್ಲಿ ನಮ್ಮ ತೋಟದ ಕಾಳುಮೆಣಸಿನ ಹಬ್ಬುಬಳ್ಳಿಗಳನ್ನು ಎರಡು–ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ 200 ಚೀಲಗಳಲ್ಲಿ ನೆಟ್ಟಿದ್ದೆ. ಮಿಶ್ರಣ ಎಲ್ಲರೂ ಹೇಳುವಂಥದ್ದೇ: ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಹೊಳೆ ಮರಳು ಸಿಗದ ಕಾರಣ, ಮನೆ ಗಾರೆ ಕೆಲಸಕ್ಕೆ ತರಿಸಿ ಉಳಿದಿದ್ದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಬೆರೆಸಿದ್ದೆ. ಮೇ ತಿಂಗಳಲ್ಲಿ ಚಿಗುರು ಕಂಡಿತು; ಜೂನ್ ಮಳೆ ಹಿಡಿದ ಮೇಲೆ ಅರ್ಧಕ್ಕಿಂತ ಹೆಚ್ಚು ಕೊಳೆತವು. ಕಿತ್ತು ನೋಡಿದರೆ ಮಣ್ಣಿನೊಳಗಿದ್ದ ಗೆಣ್ಣು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಬೆರಳಿಗೆ ಬರುತ್ತಿತ್ತು. ಈ ಸಲ ಪರ್ಲೈಟ್ ಅಥವಾ ವರ್ಮಿಕ್ಯುಲೈಟ್ ಬಳಸಬೇಕೆಂದಿದ್ದೇನೆ. ಎರಡರಲ್ಲಿ ಯಾವುದು ಸರಿ, ಎಷ್ಟು ಬೆರೆಸಬೇಕು?

ಉತ್ತರ 1 (ಮೂಡಿಗೆರೆ, ಸಣ್ಣ ನರ್ಸರಿ)

ಈ ಎರಡನ್ನೂ ಅಂಗಡಿಯಲ್ಲಿ ಒಟ್ಟಿಗೇ ಇಟ್ಟಿರುವುದರಿಂದ ಒಂದೇ ಜಾತಿಯವೆಂದು ನಾವು ಭಾವಿಸುತ್ತೇವೆ. ಆದರೆ ಅವುಗಳ ಕೆಲಸ ಹೆಚ್ಚುಕಡಿಮೆ ವಿರುದ್ಧವಾದದ್ದು. ಪರ್ಲೈಟ್ ಎಂಬುದು ಜ್ವಾಲಾಮುಖಿಯ ಗಾಜು. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಒಳಗಿನ ನೀರಿನಂಶ ಆವಿಯಾಗಿ ನಮ್ಮ ಮಂಡಕ್ಕಿಯಂತೆ ಉಬ್ಬುತ್ತದೆ. ನೀರು ಅದರ ಮೇಲ್ಮೈಯ ಗುಳಿಗಳಲ್ಲಷ್ಟೇ ನಿಲ್ಲುತ್ತದೆ, ಕಾಳುಗಳ ನಡುವೆ ಗಾಳಿ ಉಳಿಯುತ್ತದೆ. ಗೊಬ್ಬರದ ಸತ್ವ ಹಿಡಿದಿಡುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ವರ್ಮಿಕ್ಯುಲೈಟ್ ಅಭ್ರಕವನ್ನು ಹೋಲುವ ಖನಿಜ. ಕಾಯಿಸಿದಾಗ ಪದರ ಪದರವಾಗಿ ಬಿಚ್ಚಿಕೊಂಡು, ಆ ಪದರಗಳ ನಡುವೆ ನೀರನ್ನೂ ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನೂ ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಬಿಡುತ್ತದೆ. ಒದ್ದೆಯಿದ್ದಾಗ ಒತ್ತಿದರೆ ಪದರ ಮುಚ್ಚಿಹೋಗುತ್ತದೆ, ಮತ್ತೆ ಬಿಚ್ಚುವುದಿಲ್ಲ. ಹಾಗಾಗಿ ನಿಮ್ಮ ಕಡೆಯ ಮಳೆಗೆ ಅದು ಬೇಡ. ಬೀಜ ಬಿತ್ತುವ ಟ್ರೇಗೆ ಇಟ್ಟುಕೊಳ್ಳಿ.

ನಾನು ಬೇರು ಬರಿಸಲು ಕೊಳೆಸಿದ ತೆಂಗಿನ ನಾರಿನ ಪುಡಿ ಹಾಗೂ ಪರ್ಲೈಟನ್ನು ಸಮಪಾಲು ಬೆರೆಸುತ್ತೇನೆ. ಬೇರು ಬಂದ ಮೇಲೆ ಮಾಮೂಲು ಚೀಲಕ್ಕೆ ವರ್ಗಾಯಿಸುತ್ತೇನೆ. ಪರ್ಲೈಟನ್ನು ಸುರಿಯುವ ಮುನ್ನ ಚೀಲದೊಳಗೇ ನೀರು ಚಿಮುಕಿಸಿ, ಇಲ್ಲವಾದರೆ ಆ ಬಿಳಿ ಧೂಳು ನೇರ ಗಂಟಲಿಗೆ ಇಳಿಯುತ್ತದೆ.

ಉತ್ತರ 2 (ಹಾಸನ)

ನನ್ನ ಅನುಭವ ತಾರಸಿಯ ಕುಂಡಗಳದ್ದು. ಬೇಸಿಗೆಯ ಗಾಳಿಗೆ ಪರ್ಲೈಟ್ ಹೆಚ್ಚಾದ ಕುಂಡಗಳು ಮಧ್ಯಾಹ್ನದೊಳಗೆ ಒಣಗುತ್ತವೆ, ಅಲ್ಲದೆ ನೀರು ಹಾಕಿದಂತೆಲ್ಲ ಬಿಳಿ ಕಾಳುಗಳು ತೇಲಿ ಮೇಲೆ ಬರುತ್ತವೆ. ನಮ್ಮ ಊರಿಗೆ ವರ್ಮಿಕ್ಯುಲೈಟೇ ಅನುಕೂಲ. ಖರ್ಚು ಹೆಚ್ಚೆನಿಸಿದರೆ ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ತೊಳೆದು ತೆಗೆದು ಕಾಳನ್ನಷ್ಟೇ ಬಳಸಬಹುದು. ಅರೆಬೆಂದ ಇಟ್ಟಿಗೆ ಮಾತ್ರ ಎರಡು ಮಳೆಗೆ ಕರಗಿ ಮತ್ತೆ ಜೇಡಿಯಾಗುತ್ತದೆ.

ಉತ್ತರ 3 (ಚಿಕ್ಕಮಗಳೂರು)

ಪರ್ಲೈಟಿನ ಮಾತು ಆಮೇಲೆ. ನಿಮ್ಮ ಎಂ-ಸ್ಯಾಂಡನ್ನು ಮೊದಲು ನೋಡಬೇಕು. ಗಾರೆಗೆ ತರುವ ನುಣುಪು ಪುಡಿ ನಮ್ಮ ಕೆಂಪು ಜೇಡಿಯ ಸಂದುಗಳನ್ನು ತುಂಬಿ ಗಟ್ಟಿ ಮಾಡುತ್ತದೆಯೇ ಹೊರತು ನೀರು ಬಸಿಯಲು ಬಿಡುವುದಿಲ್ಲ. ಕಾಫಿ ನರ್ಸರಿಯಲ್ಲಿ ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದೇ ಪಾಲು ಮರಳು ಸಾಕಾಗುವುದು ಆ ಕಾಡುಮಣ್ಣು ತಾನೇ ಸಡಿಲವಾಗಿರುವುದರಿಂದ. ಇನ್ನೊಂದು ವಿಷಯ: ಗೆಣ್ಣು ಕಪ್ಪಾಗುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ತಗುಲಿದ ಲಕ್ಷಣವೂ ಹೌದು. ಯಾವ ಖನಿಜವೂ ಅದನ್ನು ಕೊಲ್ಲುವುದಿಲ್ಲ. ರೋಗವಿಲ್ಲದ ತಾಯಿಬಳ್ಳಿ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಕಾಯಿಸಿದ ಮಣ್ಣು, ರೋಗಾಣುವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಮಳೆಗಾಲಕ್ಕೆ ಮೇಲೊಂದು ಮಾಡು, ಇವಿಲ್ಲದೆ ಪರ್ಲೈಟ್ ತಂದರೆ ದುಡ್ಡು ದಂಡ. ಚೀಲದ ತಳಕ್ಕೆ ಜಲ್ಲಿ ಹಾಕುವ ಪದ್ಧತಿಯನ್ನೂ ಬಿಡಿ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ಕಟ್ಟಿಕೊಂಡು, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಉಳಿದ ಎಂ-ಸ್ಯಾಂಡನ್ನು ಇವತ್ತು ಗಾಜಿನ ಲೋಟದ ನೀರಿನಲ್ಲಿ ಕಲಕಿ ಇಟ್ಟೆ. ಒಂದು ಗಂಟೆಯ ನಂತರ ಮರಳಿನ ಮೇಲೆ ಅರ್ಧ ಬೆರಳು ದಪ್ಪ ಬೂದು ಕೆಸರು ಕೂತಿತ್ತು, ಮೇಲಿನ ನೀರು ಇನ್ನೂ ತಿಳಿಯಾಗಿರಲಿಲ್ಲ. ಈ ಸಲ 50 ಚೀಲ ಮಾತ್ರ, ಮಾಡಿನ ಕೆಳಗೆ, ಮೂಡಿಗೆರೆಯವರ ಮಿಶ್ರಣದಲ್ಲಿ. ಜೊತೆಗೆ ಹತ್ತು ಚೀಲಕ್ಕೆ ಪರ್ಲೈಟ್ ಬದಲು ತೊಳೆದ ಇಟ್ಟಿಗೆ ಕಾಳು ಹಾಕಿ, ಆಗಸ್ಟ್‌ನಲ್ಲಿ ಎರಡನ್ನೂ ಬಿಚ್ಚಿ ಬೇರು ನೋಡಿ ಬರೆಯುತ್ತೇನೆ.