ಇಲಿಯು ಹಚ್ಚಿತು ಮನೆಯ ಜಗಲಿಯ ಮಣ್ಣ ದೀಪವನು

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ, ಅಂದರೆ ನೀವು ಪದ್ಯವಾಗಿ ತುಂಬಿಸಬೇಕಾದ ಒಗಟಿನಂಥ ಸಾಲು, ಮೇಲಿದೆ. ಭಾಮಿನಿ ಷಟ್ಪದಿಯ ಆರನೇ ಸಾಲು ಅದು. ಉಳಿದ ಐದು ನಿಮ್ಮದು. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಲ’.

ನಮ್ಮ ಕಡೆ ಹಳೇ ಮನೆಗಳಲ್ಲಿ ಇಲಿ ಏನು ಮಾಡುತ್ತದೆ ಅಂತ ಗೊತ್ತಲ್ವಾ? ಎಣ್ಣೆ ಕುಡಿದ ಬತ್ತಿಯನ್ನು ಎಳೆದುಕೊಂಡು ಅಟ್ಟ ಹತ್ತುತ್ತದೆ. ಬೆಳಿಗ್ಗೆ ನೋಡಿದರೆ ಹಣತೆ ಒಂದು ಕಡೆ, ಎಣ್ಣೆ ಒಂದು ಕಡೆ. ಅಂಥ ಇಲಿ ದೀಪ ಹಚ್ಚೋದು ಹೇಗೆ? ನನ್ನ ಮನಸ್ಸಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ. ಯಾರು ಅಂತ ಆಮೇಲೆ ಹೇಳುತ್ತೇನೆ.

ಸಾಗರದಿಂದ:

ನನಗೆ ಮೊದಲು ನೆನಪಾಗಿದ್ದು ಚೌತಿಯ ಕಡುಬು.

ಹಲಸಿನೆಲೆಯಲಿ ಕಡುಬನಿಟ್ಟರು
ಮಲೆಯ ನಾಡಿನ ಚೌತಿ ಹಬ್ಬಕೆ
ನಲಿದು ಬಂದನು ಡೊಳ್ಳು ಹೊಟ್ಟೆಯ ನಮ್ಮ ಗಣನಾಥ
ಒಲಿದು ದೇವನ ಹೊತ್ತು ದಣಿಯದೆ
ಕೆಲದೊಳಿದ್ದರು ಕಣ್ಗೆ ಬೀಳದ
ಇಲಿಯು ಹಚ್ಚಿತು ಮನೆಯ ಜಗಲಿಯ ಮಣ್ಣ ದೀಪವನು

ಕೊಪ್ಪದಿಂದ:

ಮೇಷ್ಟ್ರೇ, ಇಲಿ ಅಂದ್ರೆ ಕಂಪ್ಯೂಟರ್ ಮೌಸ್ ಅಂತ ತಗೋಬಹುದಾ?

ಶಿವಮೊಗ್ಗದಿಂದ:

ತಗೊಳ್ಳಿ, ನನಗೆ ಬೇಕಾಗಿದ್ದೂ ಅದೇ. ಸಾಗರದ ಅಕ್ಕ, ನಿಮ್ಮ ಐದನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಕೆಲದೊಳಿದ್ದರು ಕಣ್ಗೆ ಬೀಳದ.’ ಪಕ್ಕದಲ್ಲೇ ಇದ್ದರೂ ಯಾರ ಕಣ್ಣಿಗೂ ಬೀಳದವರು. ನಾನು ನೆನೆಯುತ್ತಿರೋದು ಅಂಥವರನ್ನೇ.

ಮೌಸ್ ಕಂಡುಹಿಡಿದವರು ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್. ಅವರ ಹೆಂಡತಿ ಬ್ಯಾಲರ್ಡ್. 1950ರ ಡಿಸೆಂಬರ್‌ನಲ್ಲಿ ಇಬ್ಬರ ಮದುವೆ ನಿಶ್ಚಯವಾಯಿತು. ಹುಡುಗನಿಗೆ ಆಗ 25 ವರ್ಷ. ಒಂದು ದಿನ ಕಾರಿನಲ್ಲಿ ಕೆಲಸಕ್ಕೆ ಹೋಗುವಾಗ ಯೋಚನೆ ಬಂತು: ಓದು ಆಯ್ತು, ಕೆಲಸ ಸಿಕ್ತು, ಮದುವೆಯೂ ಗೊತ್ತಾಯ್ತು, ಇನ್ನು ಉಳಿದ ಬದುಕಿಗೆ ಗುರಿ ಏನು? ಜನ ಒಟ್ಟಿಗೆ ಕೂತು ಕಷ್ಟದ ಸಮಸ್ಯೆಗಳನ್ನು ಬಿಡಿಸೋಕೆ ಯಂತ್ರ ನೆರವಾಗಬೇಕು ಅನ್ನೋ ಆಲೋಚನೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಬ್ಯಾಲರ್ಡ್ ಒಪ್ಪಿಗೆ ಕೊಟ್ಟ ಮೇಲೆ ಬಂದ ಪ್ರಶ್ನೆ ಅದು. ನನಗೆ ಇದು ಸಣ್ಣ ಮಾತು ಅನ್ನಿಸೋದಿಲ್ಲ.

ಮೊದಲ ಮೌಸ್ ಮರದ್ದು. ಕೆಳಗೆ ಎರಡು ಗಾಲಿ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರ ಮುಂದೆ 90 ನಿಮಿಷ ಮೌಸ್ ಓಡಿಸಿ ತೋರಿಸಿದರು. ಅದರ ಚಿತ್ರೀಕರಣ ನೋಡಿದ್ದೇನೆ. ಪರದೆಯ ಮೇಲೆ ಅವರು ಬರೆದದ್ದು ಏನು ಗೊತ್ತಾ? ಅಂಗಡಿ ಸಾಮಾನಿನ ಪಟ್ಟಿ. ಬಾಳೆಹಣ್ಣು, ಕ್ಯಾರೆಟ್, ಬ್ರೆಡ್. ಜಗತ್ತನ್ನೇ ಬದಲಿಸಿದ ಯಂತ್ರದೊಳಗೆ ಒಂದು ಮನೆಯ ಅಡುಗೆಕೋಣೆ ಕಂಡಿತು ನನಗೆ.

ಆಮೇಲಿನ ದಿನಗಳು ಕಷ್ಟದವು. 1970ರ ದಶಕದಲ್ಲಿ ಜೊತೆಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು, ದುಡ್ಡು ನಿಂತಿತು. ವಾಸದ ಮನೆಯೂ ಬೆಂಕಿಗೆ ಸುಟ್ಟುಹೋಯಿತು. ನಾಲ್ಕು ಮಕ್ಕಳ ಸಂಸಾರ. ಮೌಸ್‌ನಿಂದ ಅವರಿಗೆ ರಾಯಧನ ಅಂತ ಒಂದು ಕಾಸೂ ಬರಲಿಲ್ಲ. ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿದ್ದು 1997ಕ್ಕೆ. ಬ್ಯಾಲರ್ಡ್ ತೀರಿಕೊಂಡಿದ್ದೂ ಅದೇ ವರ್ಷ.

ತೀರ್ಥಹಳ್ಳಿಯಿಂದ:

ರಾಯರೇ, ನೀವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ರಾತ್ರಿ ಕೂತು ಇಷ್ಟು ಹೊಂದಿಸಿದೆ.

ಕಲಿತ ವಿದ್ಯೆಯ ಗುರಿಯನರಸುತ
ಮಲಗದಿರುಳಲಿ ಕುಳಿತ ಗಂಡಗೆ
ಛಲವ ತುಂಬುತ ನಾಲ್ಕು ಮಕ್ಕಳ ಸಾಕಿ ನಿಂತವಳು
ಬೆಲೆಯ ಕಟ್ಟದ ಜನರ ನಡುವೆಯು
ನೆಲೆಯೆ ಬೆಂದರು ಬಿಡದ ನೇಹದೊ
ಳಿಲಿಯು ಹಚ್ಚಿತು ಮನೆಯ ಜಗಲಿಯ ಮಣ್ಣ ದೀಪವನು

ಶಿವಮೊಗ್ಗದಿಂದ:

ಅಮ್ಮಾ, ಸಮಸ್ಯೆ ತುಂಬೋದು ಅಂದರೆ ಹೀಗೆ, ಇದು ಪೂರಣ! ನೇಹ ಅಂದರೆ ಪ್ರೀತಿ. ಅದರ ಮೂಲವಾದ ಸ್ನೇಹಕ್ಕೆ ಎಣ್ಣೆ ಅನ್ನೋ ಅರ್ಥವೂ ಇದೆ. ಇಲಿ ಎಣ್ಣೆ ಕದಿಯಲಿಲ್ಲ, ಆ ಎಣ್ಣೆಯಲ್ಲೇ ದೀಪ ಹಚ್ಚಿತು. ‘ನೇಹದೊಳಿಲಿಯು’ ಅಂತ ಸಾಲು ದಾಟಿ ಸಂಧಿ ಮಾಡಿದ್ದೂ ಸೊಗಸು. ಕಾವ್ಯವನ್ನು ರಾಗವಾಗಿ ಓದುವ ನಮ್ಮ ಹೊಸಹಳ್ಳಿಯ ಗಮಕಿಗಳ ಬಾಯಲ್ಲಿ ಕೇಳಬೇಕು. ಅಲ್ಲಿ ಉಸಿರು ಕಡಿಯದೆ ಹರಿದುಹೋಗುತ್ತದೆ.

ಕೊಪ್ಪದಿಂದ:

ನನಗೆ ಆ ಪಟ್ಟಿ ತಲೆಯಿಂದ ಹೋಗ್ತಿಲ್ಲ. ಎರಡು ಸಾಲು ಆಗಿದೆ.

ಕೆಲಸ ಮುಗಿಸುತ ಬರುವ ದಾರಿಲಿ
ಹಲವು ಬಾಳೆಯ ಹಣ್ಣು, ಗಜ್ಜರಿ

ಮೂರನೇ ಸಾಲು ಬ್ಯಾಲರ್ಡ್ ಹೆಸರಿನಿಂದಲೇ ಶುರುವಾಗಲಿ ಅಂತ ಆಸೆ. ಎರಡನೇ ಅಕ್ಷರ ‘ಲ’ ಇದೆ. ಆದರೆ ‘ಬ್ಯಾ’ ಗುರು, ಎರಡು ಮಾತ್ರೆ. ಉಳಿದ ಸಾಲೆಲ್ಲ ಒಂದೇ ಮಾತ್ರೆಯ ಲಘುವಿನಿಂದ ಶುರುವಾಗಿವೆ. ಏನು ಮಾಡ್ಲಿ?

ಶಿವಮೊಗ್ಗದಿಂದ:

ಸಾಲಿನ ಒಳಗೆ ತನ್ನಿ ತಮ್ಮಾ. ಬ್ಯಾಲರ್ಡ್ ಅಂದರೆ ಎರಡು ಗುರು, ನಾಲ್ಕು ಮಾತ್ರೆ. ಸಾಲಿನ ಎರಡನೇ ಗಣಕ್ಕೆ, ಅಂದರೆ ನಾಲ್ಕು ಮಾತ್ರೆಯ ಗುಂಪಿಗೆ, ಅಳತೆ ಮಾಡಿದ ಹಾಗಿದೆ. ಪಟ್ಟಿ ಅವರೇ ಬರೆದುಕೊಟ್ಟರು ಅನ್ನೋದು ನನ್ನ ಕಲ್ಪನೆ. ಪದ್ಯಕ್ಕೆ ಅಷ್ಟು ಸಲ್ಲುತ್ತದೆ.

ನಲಿದು ಬ್ಯಾಲರ್ಡ್ ಬರೆದ ಚೀಟಿಯ ಹಿಡಿದು ಹೊರಟವನು

ಇನ್ನೆರಡು ಸಾಲು ನೀವೇ ಬರೆಯಿರಿ. ಕಾಯ್ತಿರ್ತೀನಿ.