ಸಾಗರದಲ್ಲೇ ಕೂತು ಎಸ್‌ಓಸಿ ಕೆಲಸಕ್ಕೆ ತಯಾರಿ: 8 ಜಿಬಿ ಲ್ಯಾಪ್‌ಟಾಪ್ ಸಾಕಾಗುತ್ತಾ?

ಇಕ್ಕೇರಿ_ಬಿಸಿಎ:
ಬಿಸಿಎ ಕೊನೆಯ ಸೆಮಿಸ್ಟರ್. ಎಸ್‌ಓಸಿ (ಕಂಪನಿಯ ಸಿಸ್ಟಮ್‌ಗಳ ಮೇಲೆ ಸೈಬರ್ ದಾಳಿ ಆಗ್ತಿದೆಯಾ ಅಂತ ಕಾಯೋ ತಂಡ) ಅನಲಿಸ್ಟ್ ಕೆಲಸಕ್ಕೆ ತಯಾರಾಗಬೇಕು. ಇರೋದು 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿಯ ವಿಂಡೋಸ್ ಲ್ಯಾಪ್‌ಟಾಪ್. ಮನೆ ಸಾಗರದಿಂದ ಒಳಗೆ, ಫೈಬರ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಜೂನ್ ಆದಮೇಲೆ ಕರೆಂಟಿನ ಪಾಡು ಗೊತ್ತೇ ಇದೆಯಲ್ಲ. ಇದರಲ್ಲಿ ಅಭ್ಯಾಸದ ಲ್ಯಾಬ್ ಆಗುತ್ತಾ? ಮೊದಲು ಯಾವ ಸರ್ಟಿಫಿಕೇಟ್? ಬೆಂಗಳೂರಿನ ಒಂದು ತರಬೇತಿ ಸಂಸ್ಥೆ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಲಕ್ಷದ ಮೇಲೆ ಕೇಳ್ತಿದೆ, ಕಟ್ಟಬಹುದಾ?

ವರದಾಮೂಲ:
ಲ್ಯಾಬ್ ಆಗುತ್ತೆ, ಯೂಟ್ಯೂಬಲ್ಲಿ ತೋರಿಸೋ ಲ್ಯಾಬ್ ಆಗಲ್ಲ. ಲಾಗ್ ಒಟ್ಟುಮಾಡಿ ಅಲರ್ಟ್ ಕೊಡೋ ವಾಝು ಸರ್ವರ್ ಒಂದಕ್ಕೇ 8 ಜಿಬಿ ರ್ಯಾಮ್ ಬೇಕು, ಅದನ್ನು ಸದ್ಯ ಮರೆತುಬಿಡಿ. ಲ್ಯಾಪ್‌ಟಾಪ್ ಒಳಗೇ ಬೇರೆ ಕಂಪ್ಯೂಟರ್ (ವರ್ಚುವಲ್ ಮಷಿನ್, ವಿಎಂ) ಓಡಿಸೋ ವರ್ಚುವಲ್‌ಬಾಕ್ಸ್ ಹಾಕಿ, ಡೆಸ್ಕ್‌ಟಾಪ್ ಇಲ್ಲದ ಉಬುಂಟು ಸರ್ವರ್‌ಗೆ 1 ಜಿಬಿ, ಹ್ಯಾಕಿಂಗ್ ಟೂಲ್‌ಗಳಿರೋ ಕಾಲಿ ಲಿನಕ್ಸ್‌ಗೆ 2 ಜಿಬಿ ಕೊಡಿ. ಎರಡೂ ಓಡುವಾಗ ಬ್ರೌಸರ್ ಮುಚ್ಚಿಡಿ. ವಿಂಡೋಸ್‌ಗೆ ಬೇರೆ ವಿಎಂ ಬೇಡ. ನಿಮ್ಮ ಲ್ಯಾಪ್‌ಟಾಪೇ ವಿಂಡೋಸ್ ಅಲ್ವಾ, ಅದಕ್ಕೇ ಸಿಸ್‌ಮಾನ್ (ಯಂತ್ರದ ಚಟುವಟಿಕೆ ದಾಖಲಿಸೋ ಟೂಲ್) ಹಾಕಿ, ಅದರ ಲಾಗ್ ಈವೆಂಟ್ ವ್ಯೂವರಲ್ಲಿ ಓದಿ.

ವಿಎಂ ತೆವಳ್ತಿದ್ದರೆ ಅದರ ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ವಿಂಡೋಸಿನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿ ಪ್ರೊಸೆಸರನ್ನು ಹಿಡಿದುಕೊಂಡು ಕೂತಿದೆ ಅಂತ ಅರ್ಥ. ಕೋರ್ ಐಸೊಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ವಿಂಡೋಸ್ ಫೀಚರ್ಸಲ್ಲಿ ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಹೋಗುತ್ತೆ. ಆದರೆ ಅದು ವಿಂಡೋಸಿನ ಒಂದು ರಕ್ಷಣೆಯನ್ನೇ ಕಳಚಿದ ಹಾಗೆ. ಮನೆಯವರ ಬ್ಯಾಂಕ್ ವ್ಯವಹಾರವೂ ಅದೇ ಲ್ಯಾಪ್‌ಟಾಪಲ್ಲಿ ನಡೆಯುತ್ತೆ ಅಂದರೆ ಆಮೆ ಜೊತೆಗೇ ಹೊಂದಿಕೊಳ್ಳಿ ಮಾರಾಯ್ರೆ, ಕಮಾಂಡ್ ಲೈನ್ ಕೆಲಸಕ್ಕೆ ಅದು ಅಂಥ ಅಡ್ಡಿಯಲ್ಲ. ವಿಎಂ ಶುರುವೇ ಆಗದಿದ್ದರೆ ಬಯೋಸಲ್ಲಿ ವರ್ಚುವಲೈಸೇಶನ್ ಆಫ್ ಇರುತ್ತೆ.

ಕರೆಂಟು ಹೋದ ಕೂಡಲೇ ವಿಎಂಗೆ 'ಸೇವ್ ಸ್ಟೇಟ್' ಕೊಡಿ, ಬ್ಯಾಟರಿ ಮುಗಿಯೋ ತನಕ ಕಾಯಬೇಡಿ. ಬರೆಯುತ್ತಿದ್ದ ಹಾಗೇ ಆಫ್ ಆದರೆ ವಿಎಂನ ಫೈಲ್ ಸಿಸ್ಟಮ್ ಕೆಡುತ್ತೆ. ಸ್ನ್ಯಾಪ್‌ಶಾಟ್ (ವಿಎಂ ಆ ಹೊತ್ತಿಗೆ ಇದ್ದ ಸ್ಥಿತಿ ಉಳಿಸಿಡೋದು) ಒಂದು ಸಾಕು, ಎಲ್ಲಾ ಇನ್‌ಸ್ಟಾಲ್ ಆದ ಮೇಲೆ ತೆಗೆದದ್ದು. ಸಿಕ್ಕ ಸಿಕ್ಕ ಹಾಗೆ ತೆಗೆದರೆ 256 ಜಿಬಿ ಗೊತ್ತಾಗದೆ ತುಂಬಿ, ವಿಎಂ ಅರ್ಧದಲ್ಲೇ ನಿಲ್ಲುತ್ತೆ.

ಕಾಲಿ ಇಮೇಜ್ ಮೂರ್ನಾಲ್ಕು ಜಿಬಿ. ಹಾಟ್‌ಸ್ಪಾಟಲ್ಲಿ ಬ್ರೌಸರ್ ಮೂಲಕ ಇಳಿಸಿದರೆ ತೊಂಬತ್ತಕ್ಕೆ ಬಂದು ಕೈಕೊಡುತ್ತೆ. ಟೊರೆಂಟ್ ಬಳಸಿ, ಕೊನೆಗೆ ಫೈಲ್ ಕೆಟ್ಟಿಲ್ಲ ಅಂತ ತಿಳಿಯೋಕೆ ಎಸ್‌ಎಚ್‌ಎ256 ಕೋಡ್ ಹೊಂದಿಸಿ ನೋಡಿ. ಮತ್ತೆ ಮೆಟಾಸ್ಪ್ಲಾಯ್ಟಬಲ್‌ನಂಥ ಬೇಕಂತಲೇ ತೂತು ಬಿಟ್ಟ ವಿಎಂ ಏನಿದ್ದರೂ ಲ್ಯಾಪ್‌ಟಾಪ್ ದಾಟಿ ಹೊರಗೆ ಹೋಗದ ಹೋಸ್ಟ್-ಓನ್ಲಿ ನೆಟ್‌ವರ್ಕಲ್ಲೇ ಇರಲಿ. ಬ್ರಿಡ್ಜ್ಡ್‌ಗೆ ಹಾಕಿದರೆ ಆ ವೈಫೈಯಲ್ಲಿರೋ ಎಲ್ಲರಿಗೂ ಅದು ಕಾಣುತ್ತೆ.

ಲಾಗ್_ಓದುಗ:
ಮೇಲಿನದು ಸರಿ. ಆದರೆ ಕಾಲಿ ಮೇಲೆ ಇಷ್ಟು ಹೊತ್ತು ಕಳೆಯೋದು ಎಸ್‌ಓಸಿ ಕೆಲಸಕ್ಕೆ ದಂಡ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಮೊದಲ ವರ್ಷದ ಕೆಲಸ ಅಂದ್ರೆ ಅಲರ್ಟ್ ಓದೋದು, ನಿಜವೋ ಸುಳ್ಳೋ ಅಂತ ತೀರ್ಮಾನಿಸೋದು, ಕಾರಣ ಬರೆದು ಟಿಕೆಟ್ ಮುಚ್ಚೋದು ಅಥವಾ ಮೇಲಕ್ಕೆ ಕಳಿಸೋದು. ಅದೂ ರಾತ್ರಿ ಪಾಳಿಯಲ್ಲಿ.

ವಿಂಡೋಸ್ ಸೆಕ್ಯುರಿಟಿ ಲಾಗಲ್ಲಿ 4624 ಅಂದ್ರೆ ಲಾಗಿನ್ ಆಯ್ತು, 4625 ಆಗಲಿಲ್ಲ. ಇಷ್ಟು ಎಲ್ಲರೂ ಬಾಯಿಪಾಠ ಮಾಡ್ತಾರೆ. ಸಂದರ್ಶನದಲ್ಲಿ ಅದರ ಒಳಗೆ ಕೇಳ್ತಾರೆ. ಲಾಗಾನ್ ಟೈಪ್ 2 ಎದುರಿಗೇ ಕೂತು ಮಾಡಿದ್ದು, 3 ನೆಟ್‌ವರ್ಕ್ ಮೂಲಕ, 10 ರಿಮೋಟ್ ಡೆಸ್ಕ್‌ಟಾಪ್. 4625ರ ಸಬ್ ಸ್ಟೇಟಸ್ (ಯಾಕೆ ಆಗಲಿಲ್ಲ ಅನ್ನೋ ಕೋಡ್) ಕೊನೆಯಲ್ಲಿ 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 64 ಇದ್ದರೆ ಆ ಹೆಸರಿನ ಖಾತೆಯೇ ಇಲ್ಲ. ಒಂದೇ ಐಪಿಯಿಂದ ಬೇರೆ ಬೇರೆ ಹೆಸರಿಗೆ 64 ಸಾಲಾಗಿ ಬಂದರೆ ಯಾರೋ ಹೆಸರು ಊಹಿಸ್ತಿದ್ದಾರೆ. ಒಂದೇ ಹೆಸರಿಗೆ 6ಎ ಗಡಿಯಾರದ ಹಾಗೆ ಅರ್ಧ ಗಂಟೆಗೊಮ್ಮೆ ಬಂದರೆ, ಹೆಚ್ಚಿನ ಸಲ ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಹಳೆಯದನ್ನೇ ಹಿಡಿದಿರೋ ಷೆಡ್ಯೂಲ್ಡ್ ಟಾಸ್ಕ್. ಈ ವ್ಯತ್ಯಾಸ ಎರಡು ಸಾಲಲ್ಲಿ ಬರೆಯೋಕೆ ಬಂದರೆ ಅರ್ಧ ಕೆಲಸ ಬಂದಂತೆ.

ನಿಮ್ಮ ಯಂತ್ರದಲ್ಲಿ 4625 ಕಾಣದಿದ್ದರೆ ಲಾಗಾನ್ ಫೇಲ್ಯೂರ್ ಆಡಿಟ್ ಆನ್ ಇಲ್ಲ. ವಿಂಡೋಸ್ ಹೋಮಲ್ಲಿ ಲೋಕಲ್ ಸೆಕ್ಯುರಿಟಿ ಪಾಲಿಸಿ ಕಿಟಕಿ ಸಿಗಲ್ಲ, ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ಆಡಿಟ್‌ಪೋಲ್ ಕಮಾಂಡ್ ಬಳಸಿ. ಸಿಸ್‌ಮಾನಿನ ಈವೆಂಟ್ 1ರಲ್ಲಿ ಯಾವ ಪ್ರೋಗ್ರಾಂ ಯಾವುದನ್ನು ಎಬ್ಬಿಸಿತು ಅಂತ ಕಮಾಂಡ್ ಸಮೇತ ಬರುತ್ತೆ. ವರ್ಡ್ ಫೈಲ್ ತೆರೆದ ಮರುಕ್ಷಣ ವರ್ಡ್ ಪವರ್‌ಶೆಲ್ ಅನ್ನು ಎಬ್ಬಿಸಿದೆ ಅಂದ್ರೆ ಆ ಟಿಕೆಟ್ ಮುಚ್ಚಬೇಡಿ.

ಹೊತ್ತಿನ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಈವೆಂಟ್ ವ್ಯೂವರ್ ನಮ್ಮ ಸಮಯ ತೋರಿಸುತ್ತೆ, ಸಿಸ್‌ಮಾನಿನ ಒಳಗೆ ಇರೋದು ಯುಟಿಸಿ, ಅಂದ್ರೆ ಅಂತರರಾಷ್ಟ್ರೀಯ ಸಮಯ. ಐದೂವರೆ ಗಂಟೆ ಕೂಡಿಸದಿದ್ದರೆ ದಾಳಿಗೆ ಮೊದಲೇ ದಾಳಿಯ ಪರಿಣಾಮ ಕಾಣುತ್ತೆ. ಇದು ಬರೀ ಪರೀಕ್ಷೆಯ ಮಾತಲ್ಲ: 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ಘಟನೆ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು, ಲಾಗ್‌ಗಳನ್ನು 180 ದಿನ ಇಡಬೇಕು.

ಗಾಂಧಿಬಜಾರ್_ಆಡಿಟರ್:
ದುಡ್ಡಿನ ವಿಷಯ. ಪ್ಲೇಸ್‌ಮೆಂಟ್ ಅಂದ್ರೆ ಏನು, ಆಗದಿದ್ದರೆ ಎಷ್ಟು ದಿನದಲ್ಲಿ ಎಷ್ಟು ವಾಪಸ್ ಅಂತ ಬರೆದು ಕೊಡಿ ಅನ್ನಿ. ಕೊಡದಿದ್ದರೆ ಅಲ್ಲಿಗೆ ಬಿಡಿ. ಆ ದುಡ್ಡಿನ ಸಣ್ಣ ಪಾಲಲ್ಲಿ ರ್ಯಾಮ್ 16 ಜಿಬಿ ಆಗುತ್ತೆ, ಖಾಲಿ ಸ್ಲಾಟ್ ಇದೆಯಾ ಮೊದಲು ನೋಡಿಕೊಳ್ಳಿ.

ಸರ್ಟಿಫಿಕೇಟ್ ಒಂದೇ ಅಂದ್ರೆ ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್. 90 ನಿಮಿಷ, ಗರಿಷ್ಠ 90 ಪ್ರಶ್ನೆ, 900ರ ಅಳತೆಯಲ್ಲಿ 750 ಬಂದರೆ ಪಾಸು. ಶುರುವಲ್ಲೇ ಬರೋ ಪ್ರಾಯೋಗಿಕ ಪ್ರಶ್ನೆಗಳು ಹೊತ್ತು ತಿನ್ನುತ್ತವೆ, ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ವಾಪಸ್ ಬನ್ನಿ. ಹ್ಯಾಕಿಂಗ್ ಕೌಶಲದ ಸರ್ಟಿಫಿಕೇಟ್ ಓಎಸ್‌ಸಿಪಿ ಈಗ ಬೇಡ.

ಊರಲ್ಲೂ ದಾರಿ ಇದೆ. ಅರ್ಬನ್ ಕೋಆಪರೇಟಿವ್ ಬ್ಯಾಂಕುಗಳಿಗೆ ಆರ್‌ಬಿಐ 2019ರ ಡಿಸೆಂಬರ್ 31ರಂದು ನಾಲ್ಕು ಹಂತದ ಸೈಬರ್ ಸೆಕ್ಯುರಿಟಿ ಚೌಕಟ್ಟು ಕೊಟ್ಟಿದೆ. ಸುತ್ತೋಲೆ ಓದಿಕೊಂಡು, ಯಾವ ಹಂತಕ್ಕೆ ಯಾವ ನಿಯಂತ್ರಣ ಅಂತ ಪಟ್ಟಿ ಮಾಡಬಲ್ಲವರು ಜಿಲ್ಲೆಯಲ್ಲಿ ಕಡಿಮೆ. ಆದರೆ ಯಾವ ಬ್ಯಾಂಕಿನ, ಕಾಲೇಜಿನ ವೆಬ್‌ಸೈಟನ್ನೂ 'ಸುಮ್ನೆ ನೋಡೋಣ' ಅಂತ ಕೇಳದೆ ಕೆದಕಬೇಡಿ. ಅನುಮತಿಯಿಲ್ಲದೆ ಒಳಹೋದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಬೀಳಬಹುದು: ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಇಕ್ಕೇರಿ_ಬಿಸಿಎ:
ತುಂಬಾ ಉಪಕಾರ ಆಯ್ತು. ಇನ್ನೊಂದು: ಹ್ಯಾಕಿಂಗ್ ಅಭ್ಯಾಸದ ಸೈಟ್ ಹ್ಯಾಕ್ ದ ಬಾಕ್ಸ್‌ನ ವಿಪಿಎನ್ ಹಾಟ್‌ಸ್ಪಾಟಲ್ಲಿ ಕನೆಕ್ಟ್ ಆಗುತ್ತೆ, ಪಿಂಗ್ ಹೋಗುತ್ತೆ, ವೆಬ್ ಪುಟ ಮಾತ್ರ ತಿರುಗ್ತಾನೇ ಇರುತ್ತೆ. ಸಿಗ್ನಲ್ ಕಮ್ಮಿನಾ?

ವರದಾಮೂಲ:
ಸಿಗ್ನಲ್ ಅಲ್ಲ, ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ಇರಬೇಕು. ಲಿನಕ್ಸಿನ ಪಿಂಗ್ ಹೊರೋದು 56 ಬೈಟ್, ಅದು ದಾಟುತ್ತೆ. ವೆಬ್ ಪುಟದ ಪ್ಯಾಕೆಟ್ ದೊಡ್ಡದು. ಅದರ ಮೇಲೆ ವಿಪಿಎನ್ ಹೊದಿಕೆ ಸೇರಿದಾಗ ಮೊಬೈಲ್ ನೆಟ್‌ವರ್ಕಿನ ಮಿತಿ ಮೀರಿ ಸದ್ದಿಲ್ಲದೆ ಬಿದ್ದುಹೋಗುತ್ತೆ. ಪಿಂಗ್ ಗಾತ್ರ 1300 ಮಾಡಿ, ತುಂಡರಿಸಬೇಡ ಅನ್ನೋ ಆಯ್ಕೆ ಕೊಟ್ಟು ನೋಡಿ. ಉತ್ತರ ಬರದಿದ್ದರೆ ಇದೇ ರೋಗ. ಓಪನ್‌ವಿಪಿಎನ್ ಫೈಲಲ್ಲಿ ಎಂಎಸ್‌ಎಸ್‌ಫಿಕ್ಸ್ 1200 ಅಂತ ಒಂದು ಸಾಲು ಸೇರಿಸಿ ಮತ್ತೆ ಕನೆಕ್ಟ್ ಮಾಡಿ. ಹಾಗೇ, ರಿವರ್ಸ್ ಶೆಲ್‌ಗೆ (ಗುರಿಯ ಯಂತ್ರವೇ ನಿಮ್ಮ ಕಡೆಗೆ ತೆರೆಯೋ ಸಂಪರ್ಕ) ಕೊಡಬೇಕಾದ್ದು ವಿಪಿಎನ್ನಿನ ಟನ್0 ವಿಳಾಸ, ವರ್ಚುವಲ್‌ಬಾಕ್ಸ್ ಕೊಟ್ಟ 10.0.2.15 ಅಲ್ಲ. ನೆಟ್ ತೀರಾ ಹದಗೆಟ್ಟ ದಿನ ಓವರ್‌ದವೈರ್ ಸೈಟಿನ ಬ್ಯಾಂಡಿಟ್ ಆಟ ಮಾಡಿ, ಪೋರ್ಟ್ 2220ರಲ್ಲಿ ಬರೀ ಎಸ್‌ಎಸ್‌ಎಚ್ (ಕಮಾಂಡ್ ಲೈನ್ ಸಂಪರ್ಕ), 2ಜಿಯಲ್ಲೂ ನಡೆಯುತ್ತೆ.